ಒಂದು ಹಲ್ಲು ಕಿತ್ತ ಖರ್ಚು ವಜಾ

ನಾನಿರುವುದು ಅಮೆರಿಕದ ಓಹಾಯೊ ರಾಜ್ಯದ ಡೇಟನ್‌ನಲ್ಲಿ. ಕಳೆದ ವರ್ಷ ಇಲ್ಲಿನ ಕನ್ನಡದವರ ಒಂದು ಸಂಜೆಗೆ ಹತ್ತು ನಿಮಿಷ ನಗಿಸುವ ಕೆಲಸ ನನ್ನ ತಲೆಗೆ ಬಿತ್ತು. ಗಂಡ-ಹೆಂಡತಿ ಜೋಕು, ಸಾಫ್ಟ್‌ವೇರ್ ಜೋಕು ಹೇಳಿ ಹೇಳಿ ನನಗೇ ಬೇಜಾರಾಗಿತ್ತು. 1865ರ ಆಗಸ್ಟ್ 7ರಂದು ಇದೇ ಊರಿಂದ ಹೊರಟ ಒಂದು ಕಾಗದವನ್ನು ಕನ್ನಡದಲ್ಲಿ ಓದಿಬಿಡೋಣ ಅಂದುಕೊಂಡೆ.

ಬರೆಸಿದವರು ಜೋರ್ಡನ್ ಆಂಡರ್ಸನ್. ಟೆನೆಸ್ಸಿಯಲ್ಲಿ ಗುಲಾಮರಾಗಿ ದುಡಿದು ಬಿಡುಗಡೆಯಾಗಿ ಬಂದವರು. ಅಂತರ್ಯುದ್ಧ ಮುಗಿದು ಜಮೀನಿಗೆ ಆಳು ಸಿಗದಾದಾಗ ಹಳೇ ಒಡೆಯ ಕರ್ನಲ್ ಆಂಡರ್ಸನ್ 'ವಾಪಸ್ ಬಾ, ಚೆನ್ನಾಗಿ ನೋಡ್ಕೊಳ್ತೀನಿ' ಎಂದು ಕಾಗದ ಬರೆದಿದ್ದ. ಅದಕ್ಕೆ ಇದು ಉತ್ತರ. ಬೈಗುಳ ಒಂದೂ ಇಲ್ಲ. ಬರ್ತೀವಿ, ಹಳೇ ಬಾಕಿ ಚುಕ್ತಾ ಮಾಡಿ ಅಂತ ಮಾತ್ರ. ಲೆಕ್ಕ ಜೋರ್ಡನ್‌ರ ಮಾತಿನಲ್ಲೇ: ನನಗೆ ತಿಂಗಳಿಗೆ 25 ಡಾಲರ್, 32 ವರ್ಷ. ಹೆಂಡತಿ ಮ್ಯಾಂಡಿಗೆ ವಾರಕ್ಕೆ 2 ಡಾಲರ್, 20 ವರ್ಷ. ಒಟ್ಟು 11,680. ಮೇಲೆ ಬಡ್ಡಿ. ಅದರಲ್ಲಿ ಬಟ್ಟೆಬರೆ ಖರ್ಚು, ನನಗೆ ಮೂರು ಸಲ ಡಾಕ್ಟರು ಬಂದದ್ದು, ಮ್ಯಾಂಡಿಗೆ ಒಂದು ಹಲ್ಲು ಕೀಳಿಸಿದ್ದು ವಜಾ ಮಾಡಿಕೊಳ್ಳಿ. ನಾನೂ ಲೆಕ್ಕ ಹಾಕಿ ನೋಡಿದೆ: 9,600 ಕೂಡಿಸು 2,080. ಒಂದು ಡಾಲರೂ ಆಚೀಚೆ ಇಲ್ಲ.

ಮೊದಲ ಕರಡಿನಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ಜೋರ್ಡನ್ ಬಾಯಿಗೆ ನಮ್ಮ ಹಳೇ ಸಿನಿಮಾದ ಆಳಿನ ಮಾತು ತುರುಕಿದೆ. 'ಬುದ್ಧೀ, ನಿಮ್ ಕಾಲಿಗ್ ಬಿದ್ದೆ' ಅಂತ ಶುರು. ರಿಹರ್ಸಲ್‌ನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಗಳು ಫೋನಲ್ಲಿ ಹಿಡಿದಿದ್ದ ವಿಡಿಯೊ ರಾತ್ರಿ ನೋಡಿದರೆ, ನಗು ಬರುತ್ತಿದ್ದದ್ದು ನಾನು 'ಬುದ್ಧೀ' ಅಂದಾಗಲೆಲ್ಲ. ಹಲ್ಲಿನ ಲೆಕ್ಕಕ್ಕೆ ಯಾರೂ ನಕ್ಕಿರಲಿಲ್ಲ. ಕರ್ನಲ್‌ನನ್ನು ನೋಡಿ ನಗಬೇಕಿತ್ತು, ನಾನು ಜೋರ್ಡನ್‌ರನ್ನು ನೋಡಿ ನಗಿಸಿದ್ದೆ. ಅದೂ ಸಾಲದು ಅಂತ ಪೀಠಿಕೆಯಲ್ಲಿ ಜೋರ್ಡನ್‌ಗೆ 'ಅವನು', ಕರ್ನಲ್‌ಗೆ 'ಅವರು'!

ಡೇಟನ್‌ನವರೇ ಆದ ಕಪ್ಪು ಕವಿ ಪಾಲ್ ಲಾರೆನ್ಸ್ ಡನ್‌ಬರ್ ಜೀವನಪೂರ್ತಿ ಕೊರಗಿದ್ದು ಇದಕ್ಕೇ. ಅವರು ಶಿಷ್ಟ ಇಂಗ್ಲಿಷಿನಲ್ಲಿ ಬರೆದದ್ದನ್ನು ಬದಿಗಿಟ್ಟು, ಬಿಳಿಯ ಓದುಗರು ಚಪ್ಪಾಳೆ ಹೊಡೆದದ್ದು ಆಡುನುಡಿಯ ಪದ್ಯಗಳಿಗೆ. (ಜೋರ್ಡನ್‌ರ ಒಬ್ಬ ಮಗ ಡನ್‌ಬರ್‌ಗೆ ಸ್ನೇಹಿತ. ಮೂರು ಸಲ ಡಾಕ್ಟರ್ ಬಂದದ್ದನ್ನು ಲೆಕ್ಕದಲ್ಲಿ ಕಳೆದವರ ಆ ಮಗ ಆದದ್ದು ಡಾಕ್ಟರೇ.)

ಕರಡು ಹರಿದು ಹಾಕಿ, ನಮ್ಮ ಅಜ್ಜನ ಕಾಲದ ಕಾಗದಗಳ ಧಾಟಿ ಹಿಡಿದೆ. 'ಇತ್ತಲಾಗಿ ನಾವೆಲ್ಲ ಕ್ಷೇಮ. ತಾವು ಇನ್ನೂ ಬದುಕಿರುವ ಸಮಾಚಾರ ತಿಳಿದು ಸಂತೋಷವಾಯಿತು.' ವಿನಯ ಏರಿದಷ್ಟೂ ಏಟು ಜೋರು. ಮೂಲದಲ್ಲಿ, ಇಲ್ಲಿನ ಜನ ಮ್ಯಾಂಡಿಯನ್ನು 'ಮಿಸೆಸ್ ಆಂಡರ್ಸನ್' ಅಂತಾರೆ ಎಂಬ ಮಾತಿದೆ. ಅಲ್ಲಿಯವರೆಗೂ ಬರೀ 'ಮ್ಯಾಂಡಿ' ಎಂದು ಓದಿ, ಅಲ್ಲಿಂದ 'ಅಮ್ಮಾವರು' ಅಂದೆ. ಏಕವಚನ ಬಹುವಚನ ಇರುವ ಭಾಷೆಯ ಸುಖ ಇದು.

ಎಲ್ಲಕ್ಕಿಂತ ಕಾಡಿಸಿದ್ದು ಕಾಗದದ ಕೊನೆಯ ತಾ.ಕ. (ತಾಜಾ ಕಲಂ). ಜಾರ್ಜ್ ಕಾರ್ಟರ್ ಎಂಬವನಿಗೆ ನಮಸ್ಕಾರ ಹೇಳಿ, ಕರ್ನಲ್ ಗುಂಡು ಹಾರಿಸುವಾಗ ಪಿಸ್ತೂಲು ಕಿತ್ತುಕೊಂಡದ್ದಕ್ಕೆ ಕೃತಜ್ಞತೆ. ಇಂಗ್ಲಿಷಿನಲ್ಲಿ ಗುಂಡಿನ ಮಾತು ಕಟ್ಟಕಡೆಗೆ ಬರುತ್ತದೆ. ಕನ್ನಡದಲ್ಲಿ ನೇರವಾಗಿ ಹೇಳಿದರೆ ಅದೇ ಮೊದಲು ಬಂದು ಪಟಾಕಿ ಠುಸ್. ನಾಲ್ಕು ದಿನ ಒದ್ದಾಡಿ ವಾಕ್ಯ ಮುರಿದೆ: 'ತಮ್ಮ ಕೈಯಿಂದ ಪಿಸ್ತೂಲು ಕಿತ್ತುಕೊಂಡ ಉಪಕಾರ ಮರೆತಿಲ್ಲವೆಂದು ಜಾರ್ಜ್ ಕಾರ್ಟರ್‌ಗೆ ತಿಳಿಸಿ. ತಾವು ನನ್ನ ಮೇಲೆ ಗುಂಡು ಹಾರಿಸುತ್ತಿದ್ದಿರಲ್ಲ, ಆವತ್ತು.' ಆ 'ಆವತ್ತು' ಮುಂಚೆ ಎರಡು ಕ್ಷಣ ಸುಮ್ಮನಿರಬೇಕು.

ಕಾರ್ಯಕ್ರಮದ ದಿನ ಒಬ್ಬರು ಮೇಕಪ್ ಡಬ್ಬಿ ಹಿಡಿದು ಬಂದರು. 'ಮುಖಕ್ಕೆ ಸ್ವಲ್ಪ ಕಪ್ಪು ಬಳ್ಕೊಳಿ, ಗೆಟಪ್ ಬರುತ್ತೆ.' 1830ರ ದಶಕದಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಸುಟ್ಟ ಬಿರಡೆಯ ಮಸಿ ಬಳಿದು 'ಜಿಮ್ ಕ್ರೋ' ಎಂಬ ವೇಷ ಕುಣಿಸಿದ್ದು, ಆಮೇಲೆ ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನುಗಳಿಗೆ ಅದೇ ಹೆಸರು ಅಂಟಿದ್ದು, ಎಲ್ಲ ಗಡಿಬಿಡಿಯಲ್ಲೇ ಹೇಳಿದೆ. ಡಬ್ಬಿ ಮುಚ್ಚಿದರು. ಬಿಳಿ ಅಂಗಿ ಹಾಕಿಕೊಂಡು ನಿಂತು ಓದಿದೆ.

ಹಲ್ಲಿಗೆ ನಗು ಬಂತು. ಬಡ್ಡಿಗೆ ಇನ್ನೂ ಜೋರಾಗಿ ಬಂತು. ನಡುವೆ ಮಟಿಲ್ಡಾ, ಕ್ಯಾಥರೀನ್ ಎಂಬ ಹುಡುಗಿಯರಿಗೆ ಅಲ್ಲಿ ಏನಾಯಿತೆಂದು ತಮಗೇ ಗೊತ್ತು, ಆ ಗತಿ ನನ್ನ ಹೆಣ್ಣುಮಕ್ಕಳಿಗೆ ಬರುವುದಕ್ಕಿಂತ ಇಲ್ಲೇ ಉಪವಾಸ ಸಾಯುತ್ತೇನೆ ಎನ್ನುವ ಸಾಲಿದೆ. ರಿಹರ್ಸಲ್‌ನಲ್ಲಿ 'ಮೂಡ್ ಹಾಳಾಗುತ್ತೆ' ಎಂದು ಅದನ್ನು ಬಿಟ್ಟಿದ್ದೆ. ಆವತ್ತು ಬಿಡಲಿಲ್ಲ. ಸಭೆಯಲ್ಲಿ ಫ್ಯಾನ್ ಸದ್ದು ಕೇಳುತ್ತಿತ್ತು. ಅದಾದ ಮೇಲೆ ತಾ.ಕ. ಬಂದಾಗ ಬಂದ ನಗು ಬೇರೆ ಥರದ್ದು.

ಊಟದ ಸಾಲಿನಲ್ಲಿ ಒಬ್ಬ ಅಕೌಂಟೆಂಟ್ ಮಹಾಶಯರು ಹಿಡಿದುಕೊಂಡರು.

'ಕೊನೆಗೆ ದುಡ್ಡು ಬಂತಾ?'

'ಇಲ್ಲ. ಕರ್ನಲ್ ಸಾಲ ತೀರಿಸೋಕೆ ಜಮೀನನ್ನೇ ಮಾರಿಬಿಟ್ಟ.'

ಅವರು ತಟ್ಟೆಯನ್ನು ಎಡಗೈಗೆ ದಾಟಿಸಿ ಫೋನ್ ತೆಗೆದರು. 'ಬಡ್ಡಿ ಅಂದ್ರಲ್ಲ, ಸರಳ ಬಡ್ಡಿನೋ, ಚಕ್ರಬಡ್ಡಿನೋ?'