ಹುರಿಹಿಟ್ಟು ಕಟ್ಟಿಕೊಂಡು ಕ್ಯಾಕ್ಟಸ್ ಟು ಕ್ಲೌಡ್ಸ್ ಹತ್ತಿದ್ದು: ನನ್ನ ಅನುಭವ

ಕ್ಯಾಕ್ಟಸ್ ಟು ಕ್ಲೌಡ್ಸ್ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಮರುಭೂಮಿಯಿಂದ ಬೆಟ್ಟದ ತುದಿಗೆ ಹತ್ತುವ ಕಾಲುದಾರಿ. ಹೋದ ನವೆಂಬರ್‌ನಲ್ಲಿ ಕೊನೆಗೂ ಅದನ್ನು ಮುಗಿಸಿದೆ. ಪಾಮ್ ಸ್ಪ್ರಿಂಗ್ಸ್ ಆರ್ಟ್ ಮ್ಯೂಸಿಯಂ ಪಕ್ಕದಿಂದ ಹೊರಟು ಸ್ಯಾನ್ ಹಸಿಂಟೊ ಬೆಟ್ಟದ ತುದಿ, ಅಲ್ಲಿಂದ ಟ್ರಾಮ್ (ಕೆಳಗಿಳಿಸುವ ಕೇಬಲ್ ಕಾರ್) ಸ್ಟೇಷನ್. ಎಲ್ಲ ಒಂದೇ ದಿನ. ವಾಂತಿ ಬರಲಿಲ್ಲ, ಮೀನಖಂಡ ಹಿಡಿದುಕೊಳ್ಳಲಿಲ್ಲ, ಮಾರನೇ ದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಲಿಲ್ಲ. ನಮ್ಮ ಸ್ಯಾನ್ ಡಿಯೇಗೊ ಗುಂಪಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಹುರಿಹಿಟ್ಟು ತಿಂದ್ಕೊಂಡು, ಬಾಯಿ ಮುಚ್ಕೊಂಡು ಮೂಗಲ್ಲೇ ಉಸಿರಾಡ್ತಾ ಹತ್ತು ಸಾವಿರ ಅಡಿ ಹತ್ತೋದಾ? ಆಗಲ್ಲ ಬಿಡೋ" ಅಂದಿದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಈ ದಾರಿ ಗೊತ್ತಿರುವವರಿಗೆ ಲೆಕ್ಕ ಗೊತ್ತೇ ಇದೆ. ಶುರುವಾಗುವುದು ಸುಮಾರು 480 ಅಡಿಯಲ್ಲಿ. ತುದಿ 10,834 ಅಡಿ. ಸ್ಕೈಲೈನ್ ಅನ್ನುವ ಮೊದಲ ಭಾಗದಲ್ಲೇ, ಟ್ರಾಮ್‌ನ ಮೇಲಿನ ಸ್ಟೇಷನ್ ಹತ್ತಿರದ ಲಾಂಗ್ ವ್ಯಾಲಿವರೆಗೆ ಒಂಬತ್ತು-ಹತ್ತು ಮೈಲಿ, ಎಂಟು ಸಾವಿರ ಅಡಿ ಏರು, ಹನಿ ನೀರಿಲ್ಲ. ಅಲ್ಲಿಂದ ತುದಿಗೆ ಇನ್ನೂ ಐದೂವರೆ ಮೈಲಿ. ಬೆಟ್ಟದ ಈ ಮುಖ ಇರುವುದು ಪೂರ್ವಕ್ಕೆ. ಸೂರ್ಯ ಹುಟ್ಟಿದ ಕ್ಷಣದಿಂದಲೇ ಬೆನ್ನಿಗೆ ಬಿಸಿಲು ಹೊಡೆಯುತ್ತದೆ. ಅದಕ್ಕೇ ಬೆಳಗಾಗುವಷ್ಟರಲ್ಲಿ 5,000 ಅಡಿ ದಾಟಿರಬೇಕು ಅನ್ನುವುದು ನನ್ನ ಮೊದಲ ನಿಯಮ.

ಹಿಂದಿನ ಸಲಗಳಲ್ಲಿ ಏನಾಗಿತ್ತು ಅಂತ ಮೊದಲು ಹೇಳುತ್ತೇನೆ. ಮೊದಲು ಎಲ್ಲರ ಹಾಗೆ ಶಕ್ತಿಗೆ ತಿನ್ನುವ ಸಿಹಿ ಜೆಲ್ ಪೊಟ್ಟಣ ಒಯ್ದಿದ್ದೆ. ಒಂದೊಂದಕ್ಕೂ ಎರಡು-ಮೂರು ಡಾಲರ್. ನಾಲ್ಕೈದು ತಿನ್ನುವವರೆಗೆ ಸರಿ ಇರುತ್ತದೆ, ಆಮೇಲೆ ಹೊಟ್ಟೆ ತೊಳೆಸುತ್ತದೆ. 5,000 ಅಡಿಯ ಹತ್ತಿರ ಬಾಯಿಗೆ ಏನೂ ಸೇರಲಿಲ್ಲ. ಆ ಎತ್ತರದಲ್ಲಿ ವಾಪಸ್ ಇಳಿಯುವುದೂ ಅಪಾಯ. ಮೇಲೆ ತಂಪು, ಕೆಳಗೆ ಕಾದ ಬಂಡೆ. ಹೇಗೋ ಕಾಲೆಳೆದುಕೊಂಡು ಲಾಂಗ್ ವ್ಯಾಲಿ ಸೇರಿ ಟ್ರಾಮ್ ಹಿಡಿದೆ. ಇನ್ನೊಂದು ಸಲ ಏಳು ಲೀಟರ್ ನೀರು ಹೊತ್ತೆ. ನೀರು ಮಿಕ್ಕಿತು, ಭುಜ ಸತ್ತಿತು.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಆಗಿದ್ದು ಬೇರೆ. ಸೌತ್ ಕೈಬಾಬ್ ದಾರಿಯಲ್ಲಿ ಇಳಿದು ಬ್ರೈಟ್ ಏಂಜೆಲ್ ದಾರಿಯಲ್ಲಿ ಹತ್ತಿದ್ದೆ. ಒಂದೇ ದಿನದಲ್ಲಿ ನದಿಗೆ ಹೋಗಿ ಬರಬೇಡಿ ಅಂತ ಪಾರ್ಕಿನವರು ಬೋರ್ಡ್ ಹಾಕಿರುವ ಜಾಗ ಅದು. ಅಲ್ಲಿ ಇಳಿತ ಮೊದಲು, ಏರು ಆಮೇಲೆ. ದಾರಿಯಲ್ಲಿ ನಲ್ಲಿ ಇದೆ ಅಂತ ಬರೀ ನೀರು ಕುಡಿಯುತ್ತಾ ಹತ್ತಿದೆ. ಕೊನೆಯ ಮೂರು ಮೈಲಿ ತಲೆನೋವು, ಓಕರಿಕೆ, ಬೆರಳು ಊದಿ ಉಂಗುರ ಬಿಗಿಯಾಯಿತು. ನೀರು ಕಡಿಮೆಯಾಗಿರಲಿಲ್ಲ, ಉಪ್ಪು ಕಡಿಮೆಯಾಗಿತ್ತು. ಬೆವರಲ್ಲಿ ಉಪ್ಪು ಹೋಗುತ್ತಲೇ ಇರುತ್ತದೆ, ಬರೀ ನೀರು ಸುರಿದರೆ ಉಳಿದಿದ್ದೂ ತೆಳುವಾಗುತ್ತದೆ. ಇದರಿಂದ ಜೀವಕ್ಕೇ ಕುತ್ತು ಬರಬಹುದು.

ಈಗ ಹುರಿಹಿಟ್ಟಿನ ವಿಷಯ. ನಮ್ಮದು ತುಮಕೂರು ಕಡೆ. ರಾಗಿ ಹುರಿಹಿಟ್ಟು, ಬೆಲ್ಲ, ನೀರು, ಇಷ್ಟರಲ್ಲೇ ಹೊಲದ ಕೆಲಸಕ್ಕೆ ಹೋಗಿ ಬರುತ್ತಿದ್ದವರನ್ನು ನೋಡಿ ಬೆಳೆದವನು ನಾನು. ಮೊದಲು ಅಮ್ಮ ಕಳಿಸುತ್ತಿದ್ದರು. ಈಗ ಇಲ್ಲೇ ಮಾಡುತ್ತೇನೆ. ರಾಗಿಗೆ ನೀರು ಚಿಮುಕಿಸಿ ರಾತ್ರಿಯಿಡೀ ಬಟ್ಟೆಯಲ್ಲಿ ಕಟ್ಟಿಡಬೇಕು. ಬೆಳಿಗ್ಗೆ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ ಒಂದೊಂದು ಹಿಡಿ ಹಾಕಿ ಹುರಿಯಬೇಕು. ಚಟಪಟ ಅಂತ ಬಿಳಿಯಾಗಿ ಅರಳುತ್ತದೆ. ಬಾಣಲೆ ಕಾವು ಸಾಲದಿದ್ದರೆ ಅರಳುವುದಿಲ್ಲ, ಸುಮ್ನೆ ಕರ್ರಗಾಗುತ್ತದೆ, ಅಂಥ ಹಿಟ್ಟು ಕಹಿ. ಅರಳಿದ್ದನ್ನು ನುಣ್ಣಗೆ ಪುಡಿ ಮಾಡಿ ಬೆಲ್ಲದ ಪುಡಿ, ಒಣಶುಂಠಿ, ಏಲಕ್ಕಿ ಸೇರಿಸುತ್ತೇನೆ. ಜಿಪ್ ಚೀಲಗಳಲ್ಲಿ ಅರವತ್ತು ಗ್ರಾಂ ಆಸುಪಾಸು ಒಂದೊಂದು ಪಾಲು, ಗಂಟೆಗೆ ಒಂದರ ಹಾಗೆ.

ಬೆಟ್ಟದಲ್ಲಿ ಕಲಸುವುದಕ್ಕೂ ಒಂದು ಕ್ರಮ ಇದೆ. ಅಗಲ ಬಾಯಿಯ ಬಾಟಲಿಗೆ ಮೊದಲು ನೀರು, ಆಮೇಲೆ ಹಿಟ್ಟು, ತಕ್ಷಣ ಮುಚ್ಚಿ ಕುಲುಕಬೇಕು. ಹಿಟ್ಟು ಮೊದಲು ಹಾಕಿದರೆ ತಳದಲ್ಲಿ ಗಂಟು ಕೂರುತ್ತದೆ. ಒಣ ಹಿಟ್ಟನ್ನು ಬಾಯಿಗೆ ಸುರಿದುಕೊಳ್ಳಲೇಬೇಡಿ, ಏದುಸಿರಿನಲ್ಲಿ ನೆತ್ತಿಗೇರುತ್ತದೆ. ಲಾಂಗ್ ವ್ಯಾಲಿಯ ನಂತರದ ಪೊಟ್ಟಣಗಳಿಗೆ ಇನ್ನೊಂದು ಸಾಮಾನು ಸೇರಿಸುತ್ತೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಜೊತೆಗೆ ಬಂದವರಿಗೆ ರುಚಿ ತೋರಿಸುತ್ತೇನೆ.

ನೀರು ಐದೂವರೆ ಲೀಟರ್. ಲೀಟರಿಗೆ ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಒಂದು ಬಾಟಲಿ ಮಾತ್ರ ಸಪ್ಪೆ ನೀರು, ಹಿಟ್ಟು ಕಲಸುವುದಕ್ಕೆ. ಎರಡು ಬಾಟಲಿ ಮುಕ್ಕಾಲು ತುಂಬಿಸಿ ಫ್ರೀಜರ್‌ನಲ್ಲಿಟ್ಟಿದ್ದೆ. ರಾತ್ರಿ ಹೇಗೂ ಅವು ಬೇಕಿಲ್ಲ. ಬಿಸಿಲು ಬೀಳುವ ಹೊತ್ತಿಗೆ ಕರಗಿ ತಣ್ಣಗಿದ್ದವು. ದಾರಿಯಲ್ಲಿ ರಕ್ಷಣಾ ಪೆಟ್ಟಿಗೆಗಳಿವೆ ನಿಜ, ಅದರಲ್ಲಿ ನೀರಿರುತ್ತದೆ ಅಂತ ಲೆಕ್ಕ ಹಾಕಿ ಹೋಗಬೇಡಿ. ಅದು ಪ್ರಾಣ ಹೋಗುತ್ತಿರುವವರಿಗೆ.

ಇನ್ನು ನಡಿಗೆ. ಹೊರಟಿದ್ದು ರಾತ್ರಿ ಹನ್ನೆರಡೂವರೆಗೆ. ಮೂಗಿನಲ್ಲಿ ಮಾತ್ರ ಉಸಿರಾಡಬೇಕು, ಬಾಯಿ ತೆರೆಯಬೇಕು ಅನ್ನಿಸಿದರೆ ಹೆಜ್ಜೆ ನಿಧಾನ ಮಾಡಬೇಕು, ಅಷ್ಟೇ. ಕೇಳೋಕೆ ಸುಲಭ. ಮೊದಲ ಮೈಲಿಯಲ್ಲೇ ಪಿಕ್ನಿಕ್ ಟೇಬಲ್‌ಗಳ ತನಕ ಸಾವಿರ ಅಡಿ ಹತ್ತಿರ ಏರು. ಅಲ್ಲಿ ಎಲ್ಲರೂ ನನ್ನನ್ನು ದಾಟಿಕೊಂಡು ಹೋದರು. ಕೆಳಗೆ ಊರಿನ ದೀಪ, ಉತ್ತರದ ಕಣಿವೆಯಲ್ಲಿ ಗಾಳಿಯಂತ್ರಗಳ ಕೆಂಪು ದೀಪಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಆರುತ್ತಿದ್ದವು. ಗಂಟೆಗೆ ಸುಮಾರು ಒಂಬೈನೂರು ಅಡಿಯ ಲೆಕ್ಕ ತಪ್ಪಲಿಲ್ಲ. ಆರೂವರೆಗೆ ಫ್ಲ್ಯಾಟ್ ರಾಕ್‌ನಲ್ಲಿದ್ದೆ, ಅಂದರೆ 5,800 ಅಡಿ ಆಸುಪಾಸು. ನನ್ನನ್ನು ದಾಟಿದವರಲ್ಲಿ ಅರ್ಧ ಜನ ಅಲ್ಲಿ ಚಪ್ಪಟೆ ಬಂಡೆ ಮೇಲೆ ಮಲಗಿದ್ದರು.

3,000 ಅಡಿಯಲ್ಲಿ ಒಂದು ನಿರ್ಧಾರ ಮಾಡಲೇಬೇಕು. ಅಲ್ಲಿ ಮೈ ಸರಿ ಇಲ್ಲ ಅನ್ನಿಸಿದರೆ ಕತ್ತಲಲ್ಲೇ ತಿರುಗಿ ಇಳಿದುಬಿಡಿ. ಆಮೇಲೆ ಇಳಿಯುವುದು ಅಂದರೆ ಬಿಸಿಲಿಗೆ ಇಳಿಯುವುದು. ಈ ದಾರಿಯಲ್ಲಿ ಬಿಸಿಲಿಗೂ ಜನ ಸತ್ತಿದ್ದಾರೆ, ಮೇಲೆ ಬೆಟ್ಟದ ಮೈಗೆ ಅಡ್ಡಲಾಗಿ ಹೋಗುವ ಟ್ರಾವರ್ಸ್‌ನ ಮಂಜುಗಡ್ಡೆಯಲ್ಲಿ ಜಾರಿಯೂ ಸತ್ತಿದ್ದಾರೆ. ಹಿಮ ಇದ್ದರೆ ಮೈಕ್ರೋಸ್ಪೈಕ್ (ಶೂಗೆ ಹಾಕುವ ಮೊಳೆ), ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ) ಬಳಸಿ ಅಭ್ಯಾಸ ಇಲ್ಲದವರು ಹೋಗಲೇಬಾರದು. ಅದಕ್ಕೇ ನಾನು ಹಿಮ ಬೀಳುವ ಮುಂಚೆ ಹೋಗಿದ್ದು.

ತಾಲೀಮು ಮನೆ ಹತ್ತಿರದ ಕೌಲ್ಸ್ ಮೌಂಟನ್‌ನಲ್ಲಿ. ಒಂದು ಏರು ಒಂಬೈನೂರು ಅಡಿ ಚಿಲ್ಲರೆ. ಕೆಲಸ ಮುಗಿಸಿ ಸಂಜೆ ಎರಡು-ಮೂರು ಸಲ, ಬೆನ್ನಿಗೆ ನೀರಿನ ಕ್ಯಾನ್. ಮೇಲೆ ಹೋದಾಗ ನೀರು ಚೆಲ್ಲಿ ಖಾಲಿ ಚೀಲದಲ್ಲಿ ಇಳಿಯುತ್ತೇನೆ, ಮಂಡಿ ಉಳಿಯುತ್ತದೆ.

ನಡುವೆ ಬೇರೆ ಬೇರೆ ಪ್ರಯೋಗಗಳೂ ಆದವು. ಮಜ್ಜಿಗೆ ಒಯ್ದೆ, ಬಿಸಿಲಿಗೆ ಹುಳಿದು ಮುಚ್ಚಳ ಸಿಡಿಯಿತು. ಬೆಳ್ಳಿ ಬಣ್ಣದ ಕೊಡೆ ಹಿಡಿದೆ, ಕಣಿವೆಯ ಗಾಳಿಗೆ ಒಳಗಿದ್ದದ್ದು ಹೊರಗಾಯಿತು. ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಳ್ಳುವುದು ಕ್ಯಾನ್ಯನ್‌ನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಅವಲಕ್ಕಿ ಉಪ್ಪಿನಕಾಯಿ 8,000 ಅಡಿಯಲ್ಲಿ ಅಮೃತ, ಆದರೆ ನೀರು ಜಾಸ್ತಿ ಕೇಳುತ್ತದೆ. ಎಲ್ಲಕ್ಕಿಂತ ಲಾಭದ ಸಾಮಾನು ಒಂದು ಡಾಲರ್‌ನ ಪ್ಲಾಸ್ಟಿಕ್ ಬಾಚಣಿಗೆ. ಚೋಯಾ ಕಳ್ಳಿಯ ಮುಳ್ಳಿನ ಉಂಡೆ ಕಾಲಿಗೆ ಅಂಟಿದರೆ ಕೈಯಲ್ಲಿ ಕೀಳಬಾರದು, ಕೈಗೂ ಅಂಟುತ್ತದೆ. ಬಾಚಣಿಗೆ ಹಲ್ಲನ್ನು ಚರ್ಮಕ್ಕೂ ಉಂಡೆಗೂ ನಡುವೆ ತೂರಿಸಿ, ಮೈಯಿಂದ ಆಚೆಗೆ ಒಮ್ಮೆಲೇ ಎತ್ತಿ ಹಾರಿಸಬೇಕು. ಎದುರಿಗೆ ಯಾರೂ ನಿಂತಿರಬಾರದು.

ದುಡ್ಡಿನ ವಿಷಯ. 180 ಡಾಲರ್ ಕೊಟ್ಟ ಕಾರ್ಬನ್ ಕೋಲು ಬಂಡೆ ಸಂದಿಯಲ್ಲಿ ಸಿಕ್ಕಿ ಮುರಿಯಿತು. ಈಗ 40 ಡಾಲರ್‌ನ ಅಲ್ಯುಮಿನಿಯಂ ಕೋಲು, ಬಗ್ಗಿದರೂ ನೆಟ್ಟಗೆ ಮಾಡಬಹುದು. ಹಿಂದೆ ಜೆಲ್, ಮಾತ್ರೆ, ಮೋಟೆಲ್, ಪೆಟ್ರೋಲ್ ಎಲ್ಲ ಸೇರಿ ಒಂದು ಸಲಕ್ಕೆ 300ರ ಹತ್ತಿರ ಹೋಗುತ್ತಿತ್ತು. ಈಗ ತಿನ್ನುವುದಕ್ಕೆ ಐದಾರು ಡಾಲರ್, ಒಟ್ಟು 150 ದಾಟುವುದಿಲ್ಲ. ಮೋಟೆಲ್ ಮಾತ್ರ ಬಿಡುವುದಿಲ್ಲ, ಮುಗಿದ ಮೇಲೆ ಮಲಗದೆ ಕಾರು ಓಡಿಸಬಾರದು.

ಲಾಂಗ್ ವ್ಯಾಲಿ ಹತ್ತು ಗಂಟೆ ಸುಮಾರಿಗೆ ಬಂತು. ರೇಂಜರ್ ಸ್ಟೇಷನ್‌ನಲ್ಲಿ ಪರ್ಮಿಟ್ ಚೀಟಿ ಬರೆದು, ನೀರು ತುಂಬಿಸಿಕೊಂಡು, ರೌಂಡ್ ವ್ಯಾಲಿ, ವೆಲ್ಮನ್ ಡಿವೈಡ್ ದಾಟಿದೆ. ಮಧ್ಯಾಹ್ನ ಎರಡರ ಹೊತ್ತಿಗೆ ತುದಿಯ ಕೆಳಗಿನ ಕಲ್ಲುಮನೆ ಹತ್ತಿರ ಕೂತು ಕೊನೆಗೆರಡು ಉಳಿಸಿಕೊಂಡು ಉಳಿದ ಪೊಟ್ಟಣ ಮುಗಿಸಿದೆ. ಬಂಡೆಗಳ ಮೇಲೆ ಕೈಕಾಲು ಊರಿ ತುದಿ ಮುಟ್ಟಿದಾಗಲೂ ಮೂಗಿನಲ್ಲೇ ಉಸಿರು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇಳಿಯುವಾಗ ಕತ್ತಲಾಯಿತು, ಕೊನೆಗೆ ಹೆಡ್‌ಲ್ಯಾಂಪ್ ಮತ್ತೆ ಬೇಕಾಯಿತು. ಟ್ರಾಮ್‌ಗೆ ಒಂದು ಕಡೆಯ ಟಿಕೆಟ್ ಮೇಲೆಯೇ ಸಿಗುತ್ತದೆ, ಹದಿನೈದು-ಇಪ್ಪತ್ತು ಡಾಲರ್ ಕೊಟ್ಟ ನೆನಪು. ಕೆಳಗಿನ ಸ್ಟೇಷನ್‌ನಿಂದ ಮ್ಯೂಸಿಯಂವರೆಗೆ ಟ್ಯಾಕ್ಸಿಗೆ ಇನ್ನೊಂದು 30 ಇಟ್ಟುಕೊಂಡಿರಿ. ಹೋಗುವ ಮುಂಚೆ ಟ್ರಾಮ್ ಓಡುತ್ತಿದೆಯಾ ನೋಡಿಕೊಳ್ಳಿ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ವರ್ಷದ ರಿಪೇರಿಗೆ ನಿಲ್ಲಿಸುತ್ತಾರೆ. ಟ್ರಾಮ್ ಇಲ್ಲದ ದಿನ ಈ ದಾರಿ ಹಿಡಿಯಬೇಡಿ.