ಕ್ರಿಯಾಪದದ ಬಾಲ ಕತ್ತರಿಸಿದ ಪ್ರಭುತ್ವ: ಕಾದಂಬರಿ ಬರೆದ ನನ್ನ ಅನುಭವ

'ನಾನು' ಎನ್ನುವುದನ್ನೇ ನಿಷೇಧಿಸಿದ ಪ್ರಭುತ್ವವೊಂದರ ಕಾದಂಬರಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದಾಗ, 30 ಪುಟ ದಾಟುವುದರೊಳಗೆ ಓದುಗರು ಪುಸ್ತಕ ಮುಚ್ಚಿಡುತ್ತಾರೆ ಎಂದು ಇಬ್ಬರು ಹಿರಿಯ ಮಿತ್ರರು ಎಚ್ಚರಿಸಿದ್ದರು. ಅಚ್ಚು ಹಾಕಿಸಿದ 500 ಪ್ರತಿಗಳಲ್ಲಿ ಈಗ ಮನೆಯಲ್ಲಿ ಉಳಿದಿರುವುದು ನಲವತ್ತೋ ಐವತ್ತೋ ಆಗಿರುವುದರಿಂದ, ಅದನ್ನು ಮಾಡಿದ ಬಗೆಯನ್ನು ಹೇಳಲು ನನಗೆ ಈಗ ಸಂಕೋಚವಿಲ್ಲ.

ಮೊದಲ ಕರಡನ್ನು ಕೆಡಿಸಿದ್ದು ಕ್ಯಾಮೆರಾಗಳು. ರಷ್ಯದ ಕಾದಂಬರಿಕಾರ ಝಮ್ಯಾಟಿನ್ 1920ರ ಸುಮಾರಿಗೇ 'ವಿ' (ನಾವು) ಕಾದಂಬರಿಯಲ್ಲಿ ಗಾಜಿನ ಗೋಡೆಗಳ ನಗರ ಕಟ್ಟಿ ಮನುಷ್ಯರಿಗೆ ಹೆಸರಿನ ಬದಲು ಸಂಖ್ಯೆ ಕೊಟ್ಟಿದ್ದ. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1949ರಲ್ಲಿ '1984' ಕಾದಂಬರಿಯಲ್ಲಿ ಮನೆಯೊಳಗೇ ಟೆಲಿಸ್ಕ್ರೀನ್, ಅಂದರೆ ನೋಡುವವರನ್ನೇ ನೋಡುವ ಪರದೆ, ತಂದಿಟ್ಟ. ಅವರು ಬಿಟ್ಟುಹೋದ ಗೋಡೆಗೆ ನಾನು ಮತ್ತೊಂದು ಕಣ್ಣು ಅಂಟಿಸಿದ್ದೆ, ಅಷ್ಟೆ. ಸುಮಾರು 260 ಪುಟಗಳು ರದ್ದಿಯಾದವು.

ಎರಡನೆಯ ಕರಡಿನಲ್ಲಿ ಒಂದೇ ಒಂದು 'ನಾನು' ಇರಲಿಲ್ಲ. ಓದಿದವರಲ್ಲಿ ಒಬ್ಬರಿಗೂ ಅದು ಗಮನಕ್ಕೇ ಬರಲಿಲ್ಲ! 'ಬಂದೆ', 'ನೋಡಿದೆ', 'ಹೇಳುತ್ತೇನೆ' ಎಂದಾಗ ಕ್ರಿಯಾಪದದ ಬಾಲದಲ್ಲೇ 'ನಾನು' ಕುಳಿತಿರುತ್ತದೆ ಎಂಬ ಶಾಲಾ ವ್ಯಾಕರಣವನ್ನು ಮರೆತಿದ್ದೆ. ಆತುರಪಟ್ಟು ಡಿಟಿಪಿಯನ್ನೂ ಮಾಡಿಸಿದ್ದರಿಂದ ಅರ್ಧ ತಿಂಗಳ ಸಂಬಳ ಅದಕ್ಕೇ ಹೋಯಿತು.

ಮೂರನೆಯ ಕರಡಿನಲ್ಲಿ ಆ ಬಾಲವನ್ನೇ ಕತ್ತರಿಸಿದೆ. ಎಲ್ಲರೂ ಸುತ್ತೋಲೆಯ ಕನ್ನಡದಲ್ಲಿ ಮಾತನಾಡಬೇಕು: 'ಬರಲಾಗಿದೆ', 'ನೋಡಲಾಗಿದೆ', 'ಸದರಿಯವರಿಗೆ ತಿಳಿಸಲಾಗಿದೆ'. ಪರೀಕ್ಷೆಗೆಂದು ಮನೆಯಲ್ಲಿ ಒಂದು ವಾರ ಹೀಗೆಯೇ ಮಾತನಾಡಿದೆ. ಮೊದಲೆರಡು ದಿನ ನಕ್ಕ ಮಗಳು ಐದನೆಯ ದಿನದ ಹೊತ್ತಿಗೆ ಪಳಗಿ, ಒಡೆದ ಲೋಟದ ಮುಂದೆ ನಿಂತು 'ಅಮ್ಮಾ, ಲೋಟ ಒಡೆಯಲಾಗಿದೆ' ಎಂದು ಗಂಭೀರವಾಗಿ ವರದಿ ಮಾಡಿದಳು. ನನ್ನ ಪ್ರಭುತ್ವ ನಿಜವಾದದ್ದು ಆ ಕ್ಷಣದಲ್ಲಿ. ಕರ್ತೃವನ್ನು ಕಳೆದುಕೊಂಡ ಪ್ರಜೆಗಳು ಗೋಳಾಡುತ್ತಾರೆಂದು ನಾನು ಭಾವಿಸಿದ್ದೆ, ಆದರೆ ತಪ್ಪಿಗೂ ಕರ್ತೃವಿಲ್ಲದ ಆ ವ್ಯವಸ್ಥೆ ಅವರಲ್ಲಿ ಬಹುಪಾಲು ಜನರಿಗೆ ಹಾಯೆನಿಸುತ್ತದೆ ಎಂಬುದು ಕಾದಂಬರಿಯ ನಡುಭಾಗವಾಯಿತು.

ನಿಯಮ ಜಾರಿಯಾಗುವ ಬಗೆಗೆ ಚರಿತ್ರೆಯೇ ದಾರಿ ತೋರಿಸಿತು. ರುಮೇನಿಯಾದಲ್ಲಿ 1983ರ ಆದೇಶದ ಪ್ರಕಾರ ಟೈಪ್‌ರೈಟರ್ ಇದ್ದವರು ಅದನ್ನು ಪೊಲೀಸರಲ್ಲಿ ನೋಂದಾಯಿಸಿ, ಅದರ ಅಚ್ಚಿನ ಮಾದರಿಯನ್ನು ಒಪ್ಪಿಸಬೇಕಿತ್ತು. ನನ್ನ ಪ್ರಜೆಗಳು ವರ್ಷಕ್ಕೊಮ್ಮೆ ತಾವೇ ಬರೆದ ಹತ್ತು ವಾಕ್ಯಗಳನ್ನು ಒಪ್ಪಿಸುತ್ತಾರೆ. ಗುಮಾಸ್ತ ಕ್ರಿಯಾಪದಗಳನ್ನು ತಪಾಸಣೆ ಮಾಡಿ ಮುದ್ರೆ ಒತ್ತುತ್ತಾನೆ.

ಆದರೂ ಮಿತ್ರರ ಮಾತು ಸುಳ್ಳಾಗಲಿಲ್ಲ, 30ನೆಯ ಪುಟಕ್ಕೆ ನನಗೇ ಆಕಳಿಕೆ ಬರುತ್ತಿತ್ತು. ಪರಿಹಾರವೂ ವ್ಯಾಕರಣದಲ್ಲೇ ಸಿಕ್ಕಿತು. ಹಸಿವಾಗುತ್ತದೆ, ಭಯವಾಗುತ್ತದೆ, ನಿದ್ದೆ ಬರುತ್ತದೆ: ಕನ್ನಡದಲ್ಲಿ ಇಂಥವಕ್ಕೆಲ್ಲ 'ನಾನು' ಕರ್ತೃವೇ ಅಲ್ಲ. 'ನನಗೆ' ಎಂಬುದನ್ನು ತೆಗೆದರೂ ವಾಕ್ಯ ನಿಲ್ಲುತ್ತದೆ, ಕಾನೂನೂ ಮುರಿಯುವುದಿಲ್ಲ. ಪಾತ್ರಗಳು ಆ ಸಂದಿಯಲ್ಲಿ ಬದುಕತೊಡಗಿದವು. ಪ್ರೇಮಿಗಳಿಬ್ಬರ ಸಂಭಾಷಣೆಯಲ್ಲಿ 'ನೀನು' ಇಲ್ಲದೆ ಯಾರ ಮಾತು ಯಾರದೆಂದು ತಿಳಿಯುವಂತೆ ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ಮುಂದಿನ ಪುಸ್ತಕಕ್ಕೂ ಬೇಕು.

ಪ್ರಕಾಶಕರೊಬ್ಬರು ಅರ್ಧ ಖರ್ಚು ನಾನೇ ಹಾಕಬೇಕೆಂದಾಗ, ಪೂರ್ತಿಯನ್ನೇ ಹಾಕಿಕೊಂಡೆ. ಮೂರು ತಿಂಗಳ ಸಂಬಳದಷ್ಟಾಯಿತು. ಹೆಚ್ಚುಕಡಿಮೆ ಮೂರನೆಯ ಎರಡು ಪಾಲು ಮರಳಿ ಬಂದಿದೆ.

ಓದುಗರು ಹೆಚ್ಚಾಗಿ ಪ್ರಸ್ತಾಪಿಸುವುದು ಒಂದೇ ದೃಶ್ಯವನ್ನು. ಮಗನನ್ನು ಕಳೆದುಕೊಂಡ ತಾಯಿ ಒಪ್ಪಿಸಿದ ಹಾಳೆಯಲ್ಲಿ ಏಳನೆಯ ವಾಕ್ಯ, 'ನೆನಪಾಗುತ್ತದೆ.' ಯಾರಿಗೆ, ಯಾರದ್ದು ಎಂದಿಲ್ಲ. ಗುಮಾಸ್ತ ಮುದ್ರೆಯನ್ನು ಕೆಳಗಿಟ್ಟು, ನಿಯಮಾವಳಿಯ ಪುಟಗಳನ್ನು ಎರಡು ಬಾರಿ ಮಗುಚಿ ನೋಡುತ್ತಾನೆ. ಕ್ರಿಯಾಪದ ಸರಿಯಾಗಿಯೇ ಇದೆ. ಮುದ್ರೆ ಒತ್ತಲಾಗುತ್ತದೆ.