ಸೆಕೆಂಡ್ ಪಿಯು ದಸರಾ ರಜೆಯಲ್ಲೇ ಆಪ್ಷನ್ ಪಟ್ಟಿ ಶುರು ಮಾಡಿ

ಸೆಕೆಂಡ್ ಪಿಯು ಮಕ್ಕಳಿರುವ ಮನೆಗಳಲ್ಲಿ ಕೋರ್ಸು, ಕಾಲೇಜಿನ ಮಾತು ಬಿಸಿಯೇರುವುದು ರಿಸಲ್ಟ್ ಬಂದ ಮೇಲೆ. ಅಷ್ಟೊತ್ತಿಗೆ ಉಳಿದಿರುವುದು ಕೆಲವೇ ದಿನ. ಆ ಗಡಿಬಿಡಿಯಲ್ಲಿ ಸೈಬರ್ ಸೆಂಟರ್‌ನವರು ಹೇಳಿದ ಕಾಲೇಜು, ಪಕ್ಕದ ಮನೆ ಹುಡುಗ ತಗೊಂಡ ಬ್ರ್ಯಾಂಚು ಆಪ್ಷನ್ ಪಟ್ಟಿಗೆ, ಅಂದರೆ ಸೀಟು ಹಂಚಿಕೆಗೆ ನೀವು ಕೊಡುವ ಆಯ್ಕೆಗಳ ಪಟ್ಟಿಗೆ, ಸೇರಿಕೊಂಡುಬಿಡುತ್ತವೆ. ಮೂರು ನಾಲ್ಕು ವರ್ಷ ಓದಬೇಕಾದವರು ನೀವು ಅಲ್ವಾ? ದಸರಾ ರಜೆಯಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತರೆ ಈ ಕೆಲಸ ಸಾವಕಾಶವಾಗಿ ಮುಗಿಯುತ್ತದೆ.

ಯಾವ ಕೋರ್ಸಿಗೆ ಯಾವ ದಾರಿ

ಮೊದಲ ಪುಟದಲ್ಲಿ ಇಷ್ಟವಿರುವ ಕೋರ್ಸುಗಳನ್ನು ಬರೆಯಿರಿ. ಪಕ್ಕದಲ್ಲಿ ಅದಕ್ಕೆ ಬೇಕಾದ ಪರೀಕ್ಷೆ ಬರೆಯಿರಿ. ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಫಾರ್ಮಸಿಗೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ. ಮೆಡಿಕಲ್‌ಗೆ ನೀಟ್, ಅಲ್ಲೂ ರಾಜ್ಯದ ಸೀಟು ಹಂಚುವುದು ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಆರ್ಕಿಟೆಕ್ಚರ್‌ಗೆ ನಾಟಾ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಇನ್ನೊಂದು ಪಾಲು ಸೀಟಿಗೆ ಕಾಮೆಡ್‌-ಕೆ. ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಡಿಗ್ರಿ ಓದಬೇಕೆಂದರೆ ಸಿಯುಇಟಿ.

ಲಾ ಓದುವ ಆಸೆ ಇದ್ದವರು ಇನ್ನೂ ಬೇಗ ಎಚ್ಚರಾಗಬೇಕು. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ಗೆ ಸೇರಿಸುವ ಕ್ಲಾಟ್ ಪರೀಕ್ಷೆ ಈಚಿನ ವರ್ಷಗಳಲ್ಲಿ ಡಿಸೆಂಬರ್‌ನಲ್ಲೇ ನಡೆಯುತ್ತಿದೆ. ಪಿಯು ಪರೀಕ್ಷೆ ಮುಗಿಯಲಿ ಅಂತ ಕಾದವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ.

ಬಿಎ, ಬಿಕಾಂ, ಬಿಎಸ್ಸಿಯನ್ನು ‘ಏನೂ ಸಿಗದಿದ್ದರೆ’ ಎಂಬ ಕಡೆಯ ಸಾಲಿಗೆ ತಳ್ಳಬೇಡಿ. ಸೆಂಟ್ರಲ್ ಕಾಲೇಜು ಆವರಣದ ಬೆಂಗಳೂರು ನಗರ ವಿಶ್ವವಿದ್ಯಾಲಯ, ನೃಪತುಂಗ, ಮಹಾರಾಣಿ ಕ್ಲಸ್ಟರ್, ಇವೆಲ್ಲ ನಡು ಊರಿನಲ್ಲಿವೆ. ಖಾಸಗಿಗೆ ಹೋಲಿಸಿದರೆ ಫೀಸು ತೀರಾ ಕಡಿಮೆ. 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ. ಸರ್ಜಾಪುರದ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನದೇ ಪರೀಕ್ಷೆ, ಸಂದರ್ಶನ ಮಾಡುತ್ತದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವನ್ನೂ ಕೊಡುತ್ತದೆ. ಇಂಥ ಕಡೆ ಅರ್ಜಿಗಳು ರಿಸಲ್ಟ್‌ಗೆ ಎಷ್ಟೋ ಮುಂಚೆ ಶುರುವಾಗಿರುತ್ತವೆ. ಕೊನೇ ದಿನಾಂಕವನ್ನು ಕೆಂಪು ಇಂಕಿನಲ್ಲಿ ಬರೆದುಕೊಳ್ಳಿ.

ದಾಖಲೆ: ಒಂದೇ ಕಡತದಲ್ಲಿ

ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿ. ಅದರ ಮೇಲಿನ ಆರ್‌ಡಿ ನಂಬರನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಒಂದಂಕಿ ತಪ್ಪಿದರೂ ಮೀಸಲಾತಿ ಕೈತಪ್ಪಬಹುದು. ಪ್ರಮಾಣಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ, ಅಪ್ಪನ ಹೆಸರಿನದು ಸಾಲದು.

ಒಂದನೇ ತರಗತಿಯಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೂ ಸಿಇಟಿಯಲ್ಲಿ ಮೀಸಲಾತಿ ಇದೆ. ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರ, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ತೆಗೆದಿಟ್ಟುಕೊಳ್ಳಿ. ಊರಿನಲ್ಲಿ ಓದಿ ಪಿಯುಗೆ ಬೆಂಗಳೂರಿಗೆ ಬಂದ ಮಕ್ಕಳು ಇದನ್ನೇ ಮರೆಯುತ್ತಾರೆ. ಬೇಸಿಗೆಯಲ್ಲಿ ಶಾಲೆಗೆ ರಜೆ ಬಿದ್ದ ಮೇಲೆ ಹೋದರೆ ಸಹಿ ಹಾಕುವ ಹೆಡ್‌ಮಾಸ್ಟರ್ ಸಿಗುವುದು ಕಷ್ಟ. ಸಂಕ್ರಾಂತಿಗೆ ಊರಿಗೆ ಹೋದಾಗ ಮುಗಿಸಿಕೊಂಡು ಬನ್ನಿ.

ಹಾಗೆಯೇ ಹೆಸರು ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇರುವುದು ತುಂಬಾ ಮಾಮೂಲು. ಈಗ ಸರಿಮಾಡಿಸಲು ಟೈಮ್ ಇದೆ. ಜೂನ್‌ನಲ್ಲಿ ಇರುವುದಿಲ್ಲ.

ರ್ಯಾಂಕ್ ಹೇಗೆ ಬರುತ್ತದೆ

ಎಂಜಿನಿಯರಿಂಗ್ ರ್ಯಾಂಕ್‌ಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಪಿಯುನಲ್ಲಿ ಭೌತ, ರಸಾಯನ, ಗಣಿತ ಸೇರಿ 300ಕ್ಕೆ 270 ಬಂತು ಅನ್ನಿ, 90 ಪರ್ಸೆಂಟ್. ಸಿಇಟಿಯಲ್ಲಿ 180ಕ್ಕೆ 90, ಅಂದರೆ 50 ಪರ್ಸೆಂಟ್. ಎರಡರ ಸರಾಸರಿ 70. ‘ಸಿಇಟಿ ಒಂದಿದ್ದರೆ ಸಾಕು, ಬೋರ್ಡ್ ಎಕ್ಸಾಮ್ ಪಾಸಾದರಾಯ್ತು’ ಅನ್ನುವ ಮಾತು ನಂಬಬೇಡಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಪಟ್ಟಿ ಬರೆಯುವುದು

ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿಗೆ.

ಆಪ್ಷನ್ ಎಂಟ್ರಿಯಲ್ಲಿ ಕಾಲೇಜು, ಕೋರ್ಸು ಎರಡೂ ಸೇರಿ ಒಂದು ಆಯ್ಕೆ. ಕೆ.ಆರ್. ಸರ್ಕಲ್ ಬಳಿಯ, 1917ರಲ್ಲಿ ಶುರುವಾದ ಯುವಿಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಒಂದು ಆಯ್ಕೆ, ಅಲ್ಲೇ ಸಿವಿಲ್ ಇನ್ನೊಂದು. ಕೆಇಎ ಕಂಪ್ಯೂಟರ್ ನಿಮ್ಮ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬರುತ್ತದೆ. ಸೀಟು ಖಾಲಿ ಇರುವ ಮೊದಲ ಆಯ್ಕೆ ಸಿಕ್ಕಿದ ಕೂಡಲೇ ಅದನ್ನು ಕೊಟ್ಟು ನಿಲ್ಲಿಸುತ್ತದೆ. ಕೆಳಗಿನದನ್ನು ನೋಡುವುದೇ ಇಲ್ಲ.

ಹಾಗಾಗಿ ಎರಡು ಮಾತು ನೆನಪಿಡಿ. ಸಿಗಲಾರದ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ, ಅದು ಸಿಗದಿದ್ದರೆ ಕಂಪ್ಯೂಟರ್ ಮುಂದಿನದಕ್ಕೆ ಹೋಗುತ್ತದೆ. ‘ನನ್ನ ರ್ಯಾಂಕ್‌ಗೆ ಅದೆಲ್ಲಿ’ ಅಂತ ಹೆದರಿ ಕೈಬಿಟ್ಟವರಿಗೇ ನಷ್ಟ. ಎರಡನೆಯದು, ಮನಸ್ಸಿಲ್ಲದ್ದನ್ನು ಸುಮ್ನೆ ಮೇಲೆ ಹಾಕಬೇಡಿ. ಅದು ಸಿಕ್ಕರೆ ನಿಮಗೆ ನಿಜವಾಗಿ ಬೇಕಿದ್ದ ಕೆಳಗಿನದು ಸಿಗುವುದಿಲ್ಲ. ಪಟ್ಟಿಯ ಪ್ರತಿ ಜೋಡಿಯನ್ನೂ ಕೇಳಿಕೊಳ್ಳಿ: ಎರಡೂ ಇವತ್ತು ಎದುರಿಗಿದ್ದರೆ ಯಾವುದಕ್ಕೆ ಹೋಗುತ್ತೇನೆ?

ಹಿಂದಿನ ವರ್ಷಗಳ ಕಟಾಫ್ ರ್ಯಾಂಕ್ ಕೆಇಎ ವೆಬ್‌ಸೈಟ್‌ನಲ್ಲಿದೆ. ನಿಮ್ಮ ಮೀಸಲಾತಿ ವರ್ಗದ ಕಾಲಂ ಮಾತ್ರ ನೋಡಿ. ಜಿಎಂ ಸಾಮಾನ್ಯ, 2ಎಜಿ ಅಂದರೆ 2ಎ. ಕೊನೆಗೆ ಜಿ ಬದಲು ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ. ಒಂದೇ ಕಾಲೇಜಿಗೆ ಎರಡು ಕೋಡ್ ಇರುವುದೂ ಉಂಟು, ಅನುದಾನಿತ ಸೀಟಿಗೆ ಒಂದು, ಅನುದಾನರಹಿತಕ್ಕೆ ಇನ್ನೊಂದು. ಗೇಟು ಒಂದೇ, ಪಾಠವೂ ಒಂದೇ. ಫೀಸು ಮಾತ್ರ ಬೇರೆ. ಅನುದಾನಿತ ಕೋಡ್ ಮೇಲಿರಲಿ.

ಇನ್ನು ದೂರ. ಕೆಂಗೇರಿಯಲ್ಲಿ ಮನೆ, ದೇವನಹಳ್ಳಿ ಕಡೆ ಕಾಲೇಜು ಅಂದರೆ ದಿನಕ್ಕೆ ಎಷ್ಟು ಗಂಟೆ ಬಸ್ಸಿನಲ್ಲಿ? ಪಟ್ಟಿಯ ಮೊದಲ ಐದು ಕಾಲೇಜಿಗಾದರೂ ವಾರದ ದಿನ ಬೆಳಿಗ್ಗೆ ಎಂಟು ಗಂಟೆಗೆ ಮೆಟ್ರೊ, ಬಿಎಂಟಿಸಿ ಹಿಡಿದು ಒಮ್ಮೆ ಹೋಗಿ ಬನ್ನಿ. ಲ್ಯಾಬ್ ನೋಡಿ. ಕ್ಯಾಂಟೀನ್‌ನಲ್ಲಿ ಮೂರನೇ ವರ್ಷದವರನ್ನು ಮಾತಾಡಿಸಿ. ಬ್ರೋಷರ್‌ನಲ್ಲಿ ಇಲ್ಲದ್ದನ್ನು ಅವರು ಹೇಳುತ್ತಾರೆ.

ಮಾಕ್ ಅಲಾಟ್‌ಮೆಂಟ್, ಆಮೇಲೆ

ನಿಜ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ನಡೆಯುತ್ತದೆ. ಇಲ್ಲಿ ಬಂದ ಸೀಟು ನಿಮ್ಮದಲ್ಲ, ಎಲ್ಲಿದ್ದೀರಿ ಅಂತ ತೋರಿಸುವುದಷ್ಟೇ. ಆಗ ಪಟ್ಟಿಯನ್ನು ತಿದ್ದಬಹುದು, ಸೇರಿಸಬಹುದು. ಏನೂ ಬಂದಿಲ್ಲವೆಂದರೆ ಪಟ್ಟಿ ಚಿಕ್ಕದಾಯಿತು ಅಂತ ಅರ್ಥ, ಕೆಳಗೆ ಇನ್ನಷ್ಟು ಸೇರಿಸಿ. ನಿಜ ಸುತ್ತು ಶುರುವಾದ ಮೇಲೆ ಹೊಸ ಆಯ್ಕೆ ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಸೀಟು ಬಂದಾಗ ನಾಲ್ಕು ಚಾಯ್ಸ್ ಇರುತ್ತವೆ. ಒಂದು, ಒಪ್ಪಿಗೆ, ಸೇರುತ್ತೇನೆ. ಎರಡು, ಇದು ಇರಲಿ, ಆದರೆ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುತ್ತೇನೆ. ಮೂರು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕು, ಪೂರ್ತಿ ಹೊರಗೆ. ಬಹಳ ಮಂದಿಗೆ ಸರಿಹೋಗುವುದು ಎರಡನೆಯದು. ಆದರೆ ಮೇಲಿನದು ಸಿಕ್ಕರೆ ಈಗಿನದು ತಾನಾಗಿ ಹೋಗುತ್ತದೆ, ವಾಪಸ್ ಕೇಳುವಂತಿಲ್ಲ. ಮೂರನೆಯದನ್ನು ಒತ್ತುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ. ಕೈಯಲ್ಲಿದ್ದ ಸೀಟು ಬಿಟ್ಟ ಮೇಲೆ ಮುಂದಿನ ಸುತ್ತಿನಲ್ಲಿ ಏನೂ ಸಿಗದೆ ಹೋಗಬಹುದು.

ಚಾಯ್ಸ್ ಒಂದಾದರೆ ಶುಲ್ಕ ಕಟ್ಟಿ, ಪ್ರವೇಶ ಪತ್ರ ಡೌನ್‌ಲೋಡ್ ಮಾಡಿಕೊಂಡು, ಹೇಳಿದ ದಿನದೊಳಗೆ ಕಾಲೇಜಿಗೆ ಹಾಜರಾಗಿ. ಒರಿಜಿನಲ್ ದಾಖಲೆ ಕೊಡುವ ಮುಂಚೆ ಪ್ರತಿಯೊಂದರ ನಾಲ್ಕೈದು ಜೆರಾಕ್ಸ್, ಮೊಬೈಲ್‌ನಲ್ಲಿ ಒಂದು ಸ್ಕ್ಯಾನ್ ಇಟ್ಟುಕೊಳ್ಳಿ. ಹಾಸ್ಟೆಲ್‌ಗೂ ಸ್ಕಾಲರ್‌ಶಿಪ್‌ಗೂ ಅವನ್ನೇ ಕೇಳುತ್ತಾರೆ.